ಅಭಿಮಾನವೂ ಪ್ರಮಾಣವೂ

ತನ್ನ ಊರನ್ನು ಕುರಿತು ನಾಲ್ಕು ಮಾತು ಬರೆಯೆಂದರೆ ಚಿಕ್ಕಬಳ್ಳಾಪುರದ ಸೀಮೆಯ ಯಾವ ವಿದ್ಯಾರ್ಥಿಯೂ ಹಿಂಜರಿಯಲಾರನು. ನಂದಿಬೆಟ್ಟದ ತಂಪು, ಮುದ್ದೇನಹಳ್ಳಿಯ ಮಹನೀಯರ ಕೀರ್ತಿ, ವಿದುರಾಶ್ವತ್ಥದ ಬಲಿದಾನ, ಕೈವಾರದ ತಾತಯ್ಯನವರ ಮಹಿಮೆ, ಶಿಡ್ಲಘಟ್ಟದ ರೇಷ್ಮೆ ಇವೆಲ್ಲವೂ ಅವನು ಬಾಲ್ಯದಿಂದ ಕೇಳಿ ಬೆಳೆದ ಸಂಗತಿಗಳು. ಆದರೆ ಅದೇ ವಿದ್ಯಾರ್ಥಿಗೆ, ಬರೆಯತಕ್ಕದ್ದು ಪರೀಕ್ಷೆಯ ಪ್ರಬಂಧವಲ್ಲ, ಯಾವ ದೇಶದಲ್ಲಿ ಕುಳಿತ ಕನ್ನಡಿಗನಾದರೂ ತೆರೆದು ಓದಿ ನಂಬಬಹುದಾದ ವಿಶ್ವಕೋಶದ ಲೇಖನವೆಂದೂ, ಅದರಲ್ಲಿ ಪ್ರತಿಯೊಂದು ಹೇಳಿಕೆಗೂ ಆಧಾರವನ್ನು ತೋರಿಸಬೇಕೆಂದೂ, ಹೊಗಳಿಕೆ ತೆಗಳಿಕೆಗಳೆರಡನ್ನೂ ಹೊರಗಿಡಬೇಕೆಂದೂ ಹೇಳಿದರೆ, ಅಷ್ಟು ಹೊತ್ತು ಸರಾಗವಾಗಿ ಓಡುತ್ತಿದ್ದ ಲೇಖನಿ ನಿಂತುಬಿಡುತ್ತದೆ. ತಾನು ಬಲ್ಲೆನೆಂದುಕೊಂಡಿದ್ದುದರಲ್ಲಿ ನಿಜವಾಗಿ ಬಲ್ಲದ್ದೆಷ್ಟು, ಬರಿದೇ ಕೇಳಿದ್ದೆಷ್ಟು ಎಂಬ ವಿವೇಚನೆ ಅಲ್ಲಿಂದ ಮೊದಲಾಗುತ್ತದೆ. ನಮ್ಮ ಕಾಲದ ವಿದ್ಯಾರ್ಥಿಗೆ ಒದಗಿರುವ ಅಭ್ಯಾಸಗಳಲ್ಲಿ ಇದಕ್ಕಿಂತ ಹಿತಕರವಾದದ್ದು ವಿರಳವೆಂದು ನನ್ನ ನಂಬಿಕೆ.

ಲೋಕದ ತಿಳಿವಳಿಕೆಯನ್ನು ಒಂದೆಡೆ ಕೂಡಿಡಬೇಕೆಂಬ ಹಂಬಲ ಕನ್ನಡಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಬೇಸಾಯ, ಅಂತರ್ಜಲದ ಶೋಧನೆ, ವೈದ್ಯ, ಪಾಕ ಮೊದಲಾದ ನಿತ್ಯೋಪಯೋಗಿ ವಿಷಯಗಳನ್ನು ಸಂಗ್ರಹಿಸಿದನು, ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯಲ್ಲಿ ನಾನಾ ಶಾಸ್ತ್ರಗಳ ಸಾರವನ್ನು ಕನ್ನಡ ಗದ್ಯಕ್ಕೆ ಇಳಿಸಿದರು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ರಚಿಸಿಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ ಹೊರಬಂದು, ಕೆಲಸವು ದಶಕಗಳ ಕಾಲ ನಡೆದು, ಹದಿನಾಲ್ಕು ಸಂಪುಟಗಳಲ್ಲಿ ಪೂರ್ಣವಾಯಿತು. ಈ ಮಹತ್ಕಾರ್ಯಗಳಲ್ಲೆಲ್ಲ ಬರೆಯುವವರು ಪಂಡಿತರು, ಓದುವವನು ವಿದ್ಯಾರ್ಥಿ. 2001ರ ಜನವರಿಯಲ್ಲಿ ಅಂತರಜಾಲದಲ್ಲಿ ವಿಕಿಪೀಡಿಯ ಆರಂಭವಾಗಿ, 2003ರ ಜೂನ್ ತಿಂಗಳಲ್ಲಿ ಅದರ ಕನ್ನಡ ಆವೃತ್ತಿಯೂ ತಲೆದೋರಿದ ಮೇಲೆ ಈ ವಿಭಾಗ ಅಳಿಯಿತು. ವಿದ್ಯಾರ್ಥಿಯೂ ಬರೆಯುವವರ ಪಂಕ್ತಿಯಲ್ಲಿ ಕೂಡುವಂತಾಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕನ್ನಡವನ್ನು ಭಾಷಾವಿಷಯವಾಗಿ ಓದುವವರು ತರಗತಿಯ ಕೆಲಸದ ಅಂಗವಾಗಿಯೇ ಲೇಖನಗಳನ್ನು ಬರೆದಿದ್ದಾರೆ. ದಕ್ಷಿಣ ಕನ್ನಡದಲ್ಲಿ ಮಂಗಳೂರಿನ ಸಂತ ಅಲೋಶಿಯಸ್, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳ ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ತೊಡಗಿದ್ದುಂಟು. ಈಗ ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಲೇಖನಗಳಿವೆ. ಆದರೂ ನಮ್ಮ ಎಷ್ಟೋ ಹಳ್ಳಿಗಳು, ಕೆರೆಗಳು, ಶಾಸನಗಳು, ಕಸುಬುಗಳು ಅಲ್ಲಿ ಇನ್ನೂ ಒಂದೆರಡು ವಾಕ್ಯಗಳನ್ನಷ್ಟೇ ಪಡೆದಿವೆ, ಅಥವಾ ಅಷ್ಟನ್ನೂ ಪಡೆದಿಲ್ಲ.

ವಿಕಿಪೀಡಿಯದ ಬರಹಕ್ಕೆ ಮೂರು ನಿಯಮಗಳು ಆಧಾರಸ್ತಂಭಗಳಾಗಿವೆ. ಮೊದಲನೆಯದು ತಟಸ್ಥ ದೃಷ್ಟಿ: ಒಂದು ವಿಷಯದಲ್ಲಿ ಬಲ್ಲವರೊಳಗೆ ಭಿನ್ನಾಭಿಪ್ರಾಯವಿದ್ದರೆ, ಪ್ರತಿಯೊಂದು ಮತವನ್ನೂ ಅದಕ್ಕಿರುವ ಆಧಾರಬಲಕ್ಕೆ ತಕ್ಕಷ್ಟು ನಿರೂಪಿಸಬೇಕೇ ಹೊರತು ತೀರ್ಪು ಕೊಡಬಾರದು. ಎರಡನೆಯದು ಪರಿಶೀಲನೆಗೆ ಎಡೆ: ಓದುಗನು ಬಯಸಿದರೆ ಮೂಲ ಗ್ರಂಥದ ಪುಟದವರೆಗೂ ಹೋಗಿ ಪರೀಕ್ಷಿಸಿ ನೋಡುವಂತಿರಬೇಕು. ಮೂರನೆಯದು ಸ್ವಂತ ಸಂಶೋಧನೆಯ ನಿಷೇಧ: ಬೇರೆಲ್ಲಿಯೂ ಪ್ರಕಟವಾಗದ ತನ್ನ ಊಹೆಯನ್ನೋ ಸಿದ್ಧಾಂತವನ್ನೋ ಮೊದಲ ಬಾರಿಗೆ ಘೋಷಿಸುವ ಸ್ಥಳ ವಿಶ್ವಕೋಶವಲ್ಲ. ಹೇಳುವುದಕ್ಕೆ ಸುಲಭವಾದ ಈ ನಿಯಮಗಳು ಆಚರಣೆಯಲ್ಲಿ ಎಷ್ಟು ಸೂಕ್ಷ್ಮವಾಗುತ್ತವೆಂಬುದನ್ನು ಅರಿಯಲು ನಾವು ದೂರ ಹೋಗಬೇಕಾದುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳೇ ಸಾಕಷ್ಟು ನಿದರ್ಶನಗಳನ್ನು ಒದಗಿಸುತ್ತವೆ.

ಮೊದಲಿಗೆ ಮುದ್ದೇನಹಳ್ಳಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟಿದ ದಿನವಾದ ಸೆಪ್ಟೆಂಬರ್ 15ನ್ನು ದೇಶವೇ ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ಆದರೆ ಅವರು ಹುಟ್ಟಿದ ವರ್ಷ ಯಾವುದು? ಕೆಲವು ಗ್ರಂಥಗಳು 1860 ಎನ್ನುತ್ತವೆ, ಬೇರೆ ಹಲವು 1861 ಎನ್ನುತ್ತವೆ. ಅಂಚೆ ಇಲಾಖೆಯವರು ಅವರ ಜನ್ಮಶತಾಬ್ದಿಯ ಅಂಚೆಚೀಟಿಯನ್ನು ಹೊರತಂದದ್ದು 1960ರಲ್ಲಿ. 1962ರ ಏಪ್ರಿಲ್ ತಿಂಗಳಿನ ಅವರ ಮರಣದ ದಿನಾಂಕದಲ್ಲಿಯೂ 12 ಎಂದು ಕೆಲವರು, 14 ಎಂದು ಕೆಲವರು. ಇಷ್ಟು ಪ್ರಸಿದ್ಧರಾದ ಪುರುಷರೊಬ್ಬರ ಜನನ ಮರಣಗಳ ವಿಷಯದಲ್ಲಿಯೇ ಆಕರಗಳು ಒಮ್ಮತಕ್ಕೆ ಬರುವುದಿಲ್ಲವೆಂಬುದನ್ನು ಕಂಡಾಗ ವಿದ್ಯಾರ್ಥಿಯು ತನಗೆ ಮೊದಲು ಸಿಕ್ಕ ಸಂಖ್ಯೆಯನ್ನು ಬರೆದು ಮುಂದೆ ಸಾಗುವ ಅಭ್ಯಾಸವನ್ನು ಬಿಡುತ್ತಾನೆ. ಅವನು ಮಾಡಬೇಕಾದದ್ದು ಇಷ್ಟು: ಹೆಚ್ಚು ವಿಶ್ವಾಸಾರ್ಹವಾದ ಆಕರಗಳು ಯಾವ ವರ್ಷವನ್ನು ಕೊಡುತ್ತವೆಯೋ ಅದನ್ನು ಬರೆದು, ಬೇರೆ ವರ್ಷವನ್ನು ಹೇಳುವ ಆಕರಗಳೂ ಉಂಟೆಂದು ಟಿಪ್ಪಣಿಯಲ್ಲಿ ತಿಳಿಸುವುದು. ಸಂದೇಹವನ್ನು ಮುಚ್ಚಿಡದೆ ಓದುಗನೊಡನೆ ಹಂಚಿಕೊಂಡ ಲೇಖನವೇ ಹೆಚ್ಚು ನಂಬಿಕೆಗೆ ಪಾತ್ರವಾಗುತ್ತದೆ.

ಆಕರಗಳಲ್ಲಿಯೂ ತರತಮವುಂಟು. ವಿಶ್ವೇಶ್ವರಯ್ಯನವರು 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದರು. ಅವರು ಏನನ್ನು ಯೋಚಿಸಿದರು, ಯಾವ ಉದ್ದೇಶದಿಂದ ಕಾರ್ಯಗಳನ್ನು ಕೈಗೊಂಡರು ಎಂಬುದಕ್ಕೆ ಅದು ಉತ್ತಮವಾದ ಆಧಾರ. ಆದರೆ ಆ ಕಾರ್ಯಗಳ ಫಲಾಫಲಗಳನ್ನು ತೂಗಿ ನೋಡುವುದಕ್ಕೆ ಬೇರೆಯವರ, ಅವರಿಗೆ ಸಂಬಂಧಪಡದವರ, ಬರಹವನ್ನೇ ಆಶ್ರಯಿಸಬೇಕು. ಹಾಗೆಯೇ ಒಂದು ಊರಿನ ದೇವಸ್ಥಾನದ ಸಮಿತಿ ಅಚ್ಚು ಹಾಕಿಸಿದ ಕೈಪಿಡಿ ಜಾತ್ರೆಯ ತಿಥಿಗೆ ಆಧಾರವಾಗಬಲ್ಲದು, ದೇವಾಲಯದ ಕಾಲನಿರ್ಣಯಕ್ಕೆ ಆಗಲಾರದು. ಈ ಸೀಮೆಯ ವಿದ್ಯಾರ್ಥಿ ಗಮನಿಸಬೇಕಾದ ಇನ್ನೂ ಒಂದು ಸಂಗತಿಯಿದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ಗ್ಯಾಸೆಟಿಯರು, ಜನಗಣತಿಯ ವರದಿ, ಶಾಸನ ಸಂಪುಟಗಳೆಲ್ಲವೂ ಕೋಲಾರ ಜಿಲ್ಲೆಯ ಹೆಸರಿನಲ್ಲಿಯೇ ಇವೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಗೌರಿಬಿದನೂರು ‘ಗೋರಿಬಿದ್ನೂರ್’ ಎಂಬ ವೇಷದಲ್ಲಿ ಕುಳಿತಿರುತ್ತದೆ. ಇದನ್ನರಿಯದೆ ಹುಡುಕಿದವನು ತನ್ನ ಊರಿಗೆ ಚರಿತ್ರೆಯೇ ಇಲ್ಲವೆಂದು ಭ್ರಮಿಸಿಯಾನು.

ತಟಸ್ಥತೆಯ ನಿಜವಾದ ಪರೀಕ್ಷೆ ನಡೆಯುವುದು ದುಃಖವೂ ಅಭಿಮಾನವೂ ಬೆರೆತ ವಿಷಯಗಳಲ್ಲಿ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮಂಡ್ಯದ ಸೀಮೆಯ ಶಿವಪುರದಲ್ಲಿ ಅದೇ ತಿಂಗಳು ಧ್ವಜಸತ್ಯಾಗ್ರಹ ನಡೆದು ಉತ್ಸಾಹವು ನಾಡಿನಲ್ಲೆಲ್ಲ ಹರಡಿದ್ದ ಸಮಯವದು. ಗೋಲಿಬಾರಿನ ಸುದ್ದಿ ದೇಶದಲ್ಲೆಲ್ಲ ಹಬ್ಬಿತು; ಗಾಂಧೀಜಿಯವರು ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಮೈಸೂರಿಗೆ ಕಳುಹಿಸಿದರು; ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆದು, ಮಿರ್ಜಾ–ಪಟೇಲ್ ಒಪ್ಪಂದವೆಂದು ಪ್ರಸಿದ್ಧವಾದ ಒಡಂಬಡಿಕೆ ಏರ್ಪಟ್ಟಿತು; ನಡೆದುದನ್ನು ಕುರಿತು ವಿಚಾರಣಾ ಸಮಿತಿಯೂ ನೇಮಕವಾಯಿತು. ಇಷ್ಟೂ ಇತಿಹಾಸ. ಆದರೆ ಮಡಿದವರೆಷ್ಟು ಜನ? ಒಂದೆಡೆ 32 ಎಂದಿದೆ, ಮತ್ತೊಂದೆಡೆ 35 ಎಂದಿದೆ; ಅಂದಿನ ಸರ್ಕಾರ ಒಪ್ಪಿಕೊಂಡ ಲೆಕ್ಕ ಇವೆರಡಕ್ಕಿಂತಲೂ ಕಡಿಮೆಯದು.

ಇಲ್ಲಿ ವಿದ್ಯಾರ್ಥಿಯ ಮನಸ್ಸು ಸಹಜವಾಗಿ ದೊಡ್ಡ ಸಂಖ್ಯೆಯ ಕಡೆಗೆ ಒಲಿಯುತ್ತದೆ, ಏಕೆಂದರೆ ಸತ್ತವರು ತನ್ನ ನೆಲದವರು. ಆದರೆ ಅವನು ಬರೆಯತಕ್ಕದ್ದು ಯಾರು ಯಾವ ಸಂಖ್ಯೆಯನ್ನು ಹೇಳುತ್ತಾರೆಂಬುದನ್ನು: ಸರ್ಕಾರದ ಹೇಳಿಕೆಯಲ್ಲಿ ಇಷ್ಟು, ಕಾಂಗ್ರೆಸಿನವರ ಹೇಳಿಕೆಯಲ್ಲಿ ಇಷ್ಟು, ನಂತರದ ಇತಿಹಾಸಕಾರರಲ್ಲಿ ಇಷ್ಟು ಎಂದು, ಒಂದೊಂದಕ್ಕೂ ಆಧಾರಸಹಿತವಾಗಿ. ಈ ಘಟನೆಯನ್ನು ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಕರೆಯುವ ರೂಢಿಯಿದೆ. ಲೇಖಕನು ತಾನಾಗಿ ಹಾಗೆ ಕರೆಯದೆ, ಹಾಗೆ ಕರೆಯುವ ವಾಡಿಕೆಯುಂಟೆಂದು ಬರೆದರೆ ರೂಢಿಯೂ ದಾಖಲಾಗುತ್ತದೆ, ಲೇಖನದ ಸಮತೋಲವೂ ಉಳಿಯುತ್ತದೆ. ಹೀಗೆ ಬರೆಯುವುದರಿಂದ ಹುತಾತ್ಮರಿಗೆ ನ್ಯೂನತೆಯಾಗುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಉತ್ಪ್ರೇಕ್ಷೆಯ ಒಂದು ವಾಕ್ಯ ಸುಳ್ಳೆಂದು ತೋರಿಬಂದರೆ ಸುತ್ತಲಿನ ಹತ್ತು ಸತ್ಯವಾಕ್ಯಗಳ ಮೇಲೂ ಸಂಶಯ ಹುಟ್ಟುತ್ತದೆ. ಪ್ರತಿಯೊಂದು ವಾಕ್ಯವೂ ಪರಿಶೀಲನೆಯನ್ನು ತಡೆದುಕೊಂಡು ನಿಂತ ಲೇಖನವನ್ನು ಮಾತ್ರ ಯಾವ ಪ್ರತಿವಾದಿಯೂ ತಳ್ಳಿಹಾಕಲಾರನು. ಆದಕಾರಣ ಆ ಬಲಿದಾನವನ್ನು ಕಾಪಾಡಬೇಕೆಂಬ ಅಭಿಮಾನವೇ ನಮ್ಮನ್ನು ಪ್ರಮಾಣದ ಬಳಿಗೆ ಕರೆದೊಯ್ಯಬೇಕು.

ಚಿಂತಾಮಣಿ ತಾಲ್ಲೂಕಿನ ಕೈವಾರ ಬೇರೆ ಬಗೆಯ ಸಮಸ್ಯೆಯನ್ನು ಮುಂದಿಡುತ್ತದೆ. ಅಲ್ಲಿನ ಯೋಗಿ ನಾರೇಯಣರು, ಜನರ ಬಾಯಲ್ಲಿ ಕೈವಾರದ ತಾತಯ್ಯನವರು, ಬಳೆಗಾರ ವೃತ್ತಿಯಿಂದ ಅಧ್ಯಾತ್ಮಸಾಧನೆಗೆ ತಿರುಗಿ, ತೆಲುಗು ಕನ್ನಡಗಳೆರಡರಲ್ಲಿಯೂ ಕೀರ್ತನೆಗಳನ್ನೂ ತತ್ತ್ವಪದಗಳನ್ನೂ ರಚಿಸಿದವರು. ಕಾಲಜ್ಞಾನ ಅವರ ಹೆಸರಿನೊಡನೆ ಸೇರಿಕೊಂಡಿದೆ. ಅವರು 1726ರಲ್ಲಿ ಹುಟ್ಟಿ 1836ರಲ್ಲಿ, ನೂರ ಹತ್ತು ವರ್ಷಗಳ ತುಂಬುಜೀವನದ ಬಳಿಕ, ಸಮಾಧಿಸ್ಥರಾದರೆಂದು ಪರಂಪರೆ ನಂಬುತ್ತದೆ. ಇದೇ ಕೈವಾರವು ಮಹಾಭಾರತದ ಏಕಚಕ್ರನಗರವೆಂದೂ, ಭೀಮನು ಬಕಾಸುರನನ್ನು ಕೊಂದ ಸ್ಥಳವೆಂದೂ ಐತಿಹ್ಯವುಂಟು. ಶ್ರದ್ಧೆಯನ್ನು ಖಂಡಿಸುವುದೂ ಶ್ರದ್ಧೆಯನ್ನು ಬೋಧಿಸುವುದೂ ವಿಶ್ವಕೋಶದ ಕಾರ್ಯವಲ್ಲ. ‘ಸ್ಥಳೀಯ ಐತಿಹ್ಯದ ಪ್ರಕಾರ’, ‘ಪರಂಪರೆಯ ಪ್ರಕಾರ’ ಎಂಬೆರಡು ಮಾತುಗಳಿಂದ ಲೇಖಕನು ನಂಬಿಕೆಯನ್ನು ನಂಬಿಕೆಯಾಗಿ, ಘಟನೆಯನ್ನು ಘಟನೆಯಾಗಿ, ಎರಡಕ್ಕೂ ಗೌರವ ತಪ್ಪದಂತೆ ನಿರೂಪಿಸಬಲ್ಲನು. ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಮಾತಾಡಿ ಬೆಳೆದ ಈ ಗಡಿಸೀಮೆಯ ಮಕ್ಕಳಿಗೆ ಇಲ್ಲೊಂದು ವಿಶೇಷವಾದ ಅನುಕೂಲವಿದೆ. ತಾತಯ್ಯನವರಂಥವರನ್ನು ಕುರಿತ ಆಕರಗಳು ಎರಡು ಭಾಷೆಗಳಲ್ಲಿಯೂ ಚದರಿಕೊಂಡಿರುವಾಗ, ಎರಡನ್ನೂ ಓದಿ ಹೋಲಿಸಬಲ್ಲ ವಿದ್ಯಾರ್ಥಿಯ ಲೇಖನಕ್ಕೆ ದೂರದ ಪಂಡಿತನ ಲೇಖನಕ್ಕಿಲ್ಲದ ಪೂರ್ಣತೆ ಬರಬಲ್ಲದು.

ಶಿಡ್ಲಘಟ್ಟದ ವಿಷಯ ಬಂದಾಗ ಕಷ್ಟವು ವಿಶೇಷಣಗಳದು. ರೇಷ್ಮೆಗೂಡಿನ ಮಾರುಕಟ್ಟೆಯನ್ನು ವರ್ಣಿಸುವಾಗ ‘ಏಷ್ಯದಲ್ಲಿಯೇ ದೊಡ್ಡದು’, ‘ವಿಶ್ವವಿಖ್ಯಾತ’ ಎಂಬ ಮಾತುಗಳು ತಾವಾಗಿಯೇ ನಾಲಗೆಗೆ ಬರುತ್ತವೆ. ದೊಡ್ಡದೆಂದರೆ ಯಾವ ಅಳತೆಯಿಂದ, ದಿನವೊಂದಕ್ಕೆ ಬರುವ ಗೂಡಿನ ತೂಕದಿಂದಲೋ, ವಹಿವಾಟಿನ ಹಣದಿಂದಲೋ? ಯಾವ ವರ್ಷದಲ್ಲಿ? ಹೇಳಿದವರು ಯಾರು? ಈ ಪ್ರಶ್ನೆಗಳಿಗೆ ರೇಷ್ಮೆ ಇಲಾಖೆಯ ವರದಿಯಿಂದಲೋ ಕೇಂದ್ರ ರೇಷ್ಮೆ ಮಂಡಳಿಯ ಅಂಕಿಅಂಶಗಳಿಂದಲೋ ಉತ್ತರ ದೊರೆತರೆ ವಿಶೇಷಣವನ್ನು ಬಿಟ್ಟು ಅಂಕಿಯನ್ನು ಕೊಟ್ಟರಾಯಿತು. ದೊರೆಯದಿದ್ದರೆ ವಿಶೇಷಣಕ್ಕೆ ಸ್ಥಳವಿಲ್ಲ. ಅದರ ಬದಲು ಹಿಪ್ಪುನೇರಳೆಯ ತೋಟ, ಹುಳು ಸಾಕುವ ಮನೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಗೂಡಿನ ಹರಾಜು, ನೂಲು ಬಿಚ್ಚಾಣಿಕೆ ಇವುಗಳನ್ನು ಕ್ರಮವಾಗಿ, ಪ್ರಕಟಿತ ಪುಸ್ತಕಗಳ ಆಧಾರದಿಂದ ವಿವರಿಸಿದರೆ, ಓದುಗನಿಗೆ ಯಾವ ಹೊಗಳಿಕೆಯಿಂದಲೂ ಸಿಗದಿದ್ದ ತಿಳಿವಳಿಕೆ ಸಿಗುತ್ತದೆ. ಬಿಚ್ಚಾಣಿಕೆಯವರು ಒಂದೇ ಗೂಡಿನ ಎಳೆಯಿಂದ ನೂಲು ತೆಗೆಯುವುದಿಲ್ಲ, ಏಕೆಂದರೆ ಆ ಎಳೆ ನೇಯ್ಗೆಯನ್ನು ತಾಳಲಾರದಷ್ಟು ತೆಳು; ಬಿಸಿನೀರಿನಲ್ಲಿ ಮೆದುವಾದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲನ್ನು ಮಾಡುತ್ತಾರೆ. ವಿಶ್ವಕೋಶದ ಲೇಖನವೂ ಹಾಗೆಯೇ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಆಕರಗಳಿಂದ ಎಳೆಗಳನ್ನು ತೆಗೆದುಕೊಂಡಾಗ ಮಾತ್ರ ಭಾರವನ್ನು ಹೊರಬಲ್ಲದು. ಒಂದೇ ಪುಸ್ತಕವನ್ನು ನೆಚ್ಚಿ ಬರೆದದ್ದು ಆ ಪುಸ್ತಕದ ತಪ್ಪುಗಳನ್ನೂ ಹೊತ್ತುಕೊಂಡೇ ಬರುತ್ತದೆ.

ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ಕುರಿತು ಬರೆಯುವವನಿಗೆ ಶಾಸನಗಳ ನೆರವುಂಟು. ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ, 1905ರಲ್ಲಿ, ಕೋಲಾರ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಪ್ರಕಟಿಸಿದ್ದಾರೆ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ, ಸುಮಾರು ಕ್ರಿ.ಶ. 806ರ ದಾನದ ಉಲ್ಲೇಖವೂ ಬಾಣ ಅರಸರ ತಾಮ್ರಶಾಸನವೂ ಈ ದೇವಾಲಯದ ಪ್ರಾಚೀನತೆಗೆ ಸಾಕ್ಷಿಗಳೆಂದು ವಿದ್ವಾಂಸರು ತೋರಿಸಿದ್ದಾರೆ. ಆದರೆ ಉತ್ಸಾಹಿಯಾದ ವಿದ್ಯಾರ್ಥಿ ತನ್ನ ಹಳ್ಳಿಯ ಹೊಲದ ಬದುವಿನಲ್ಲಿ ಯಾರೂ ಓದದ ಕಲ್ಲೊಂದನ್ನು ಕಂಡು, ಅದರ ಲಿಪಿಯನ್ನು ತಾನೇ ಊಹಿಸಿ, ಇದು ಗಂಗರ ಕಾಲದ್ದೆಂದು ಬರೆದುಬಿಟ್ಟರೆ ಅದು ನಿಯಮಕ್ಕೆ ವಿರುದ್ಧ. ಅವನು ಮೊದಲು ಆ ಕಲ್ಲನ್ನು ಶಾಸನತಜ್ಞರಿಗೆ ತೋರಿಸಬೇಕು. ಅವರ ಓದು ಪ್ರಕಟವಾದ ಮೇಲೆ ವಿಶ್ವಕೋಶಕ್ಕೆ ತರಬೇಕು. ಇದು ಉತ್ಸಾಹಭಂಗದ ಮಾತೆಂದು ತೋರಬಹುದು. ಆದರೆ ಸಂಶೋಧನೆಯ ಕಾರ್ಯವೂ ಸಂಗ್ರಹದ ಕಾರ್ಯವೂ ಬೇರೆ ಬೇರೆ ಎಂಬ ಅರಿವು ಎರಡಕ್ಕೂ ಶ್ರೇಯಸ್ಕರವಾದದ್ದು. ಸಂಗ್ರಹವನ್ನು ಪ್ರಾಮಾಣಿಕವಾಗಿ ಮಾಡಿದವನಿಗೆ ಎಲ್ಲಿ ಏನು ತಿಳಿದಿಲ್ಲವೆಂಬುದು ಸ್ಪಷ್ಟವಾಗಿ, ಮುಂದಿನ ಸಂಶೋಧನೆಗೆ ದಾರಿ ಕಾಣುತ್ತದೆ.

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಬರವಣಿಗೆ. ವಿಕಿಪೀಡಿಯದಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಪ್ರಯೋಗಪುಟವೊಂದಿರುತ್ತದೆ. ಅಲ್ಲಿ ತಿದ್ದಿ ತೀಡಿದ ಬಳಿಕವೇ ಲೇಖನವನ್ನು ಹೊರತರುವುದು ಲೇಸು. ಮೊದಲ ವಾಕ್ಯದಲ್ಲಿಯೇ ವಿಷಯವೇನೆಂಬುದು ತಿಳಿಯಬೇಕು. ಗೌರಿಬಿದನೂರಿನ ರೇಡಿಯೋ ದೂರದರ್ಶಕವನ್ನು ಕುರಿತು ಬರೆಯುವುದಾದರೆ, ‘ನಮ್ಮ ಹೆಮ್ಮೆಯ’ ಎಂದು ತೊಡಗದೆ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಇವೆರಡೂ ಕೂಡಿ 1976ರಿಂದ ನಡೆಸಿಕೊಂಡು ಬಂದ ವೀಕ್ಷಣಾಲಯವೆಂದು ತೊಡಗಬೇಕು; ಅದು ಆಕಾಶದಿಂದ ಬರುವ ದೀರ್ಘವಾದ ರೇಡಿಯೋ ಅಲೆಗಳನ್ನು ಹಿಡಿಯುವ ಆಂಟೆನಾಗಳ ಸಾಲು, ಗಾಜಿನ ಮಸೂರವಿರುವ ದುರ್ಬೀನಲ್ಲ ಎಂಬುದನ್ನು ಸಾಮಾನ್ಯ ಓದುಗನಿಗೆ ವಿವರಿಸಬೇಕು. ಪುಸ್ತಕದ ವಾಕ್ಯಗಳನ್ನು ಎತ್ತಿ ಅಂಟಿಸುವುದು ಚೌರ್ಯವೇ ಸರಿ. ಓದಿ, ಪುಸ್ತಕವನ್ನು ಮುಚ್ಚಿ, ಅರ್ಥವಾದದ್ದನ್ನು ಸ್ವಂತ ಮಾತಿನಲ್ಲಿ ಬರೆದು, ಯಾವ ಪುಟದಿಂದ ತಿಳಿದದ್ದೆಂದು ಉಲ್ಲೇಖವನ್ನು ಕೊಡಬೇಕು. ಇಂಗ್ಲಿಷ್ ಲೇಖನವನ್ನು ಯಂತ್ರದಿಂದ ಅನುವಾದಿಸಿ ಹಾಗೆಯೇ ಇಟ್ಟರೆ ಅದು ಕನ್ನಡ ಅಕ್ಷರಗಳಲ್ಲಿದ್ದರೂ ಕನ್ನಡವಾಗದು. ಓದಿದವನಿಗೆ ಅರ್ಥವಾಗದ ಲೇಖನ ಎಷ್ಟು ತಟಸ್ಥವಾಗಿದ್ದರೇನು, ಎಷ್ಟು ಆಧಾರಗಳಿದ್ದರೇನು?

ಲೇಖನ ಹೊರಬಂದ ಮೇಲೆ ಅದು ಲೇಖಕನ ಸೊತ್ತಾಗಿ ಉಳಿಯುವುದಿಲ್ಲ. ಎಲ್ಲಿಯೋ ಇರುವ ಅಪರಿಚಿತನೊಬ್ಬನು ಬಂದು ವಾಕ್ಯವನ್ನು ತಿದ್ದುತ್ತಾನೆ, ಮತ್ತೊಬ್ಬನು ಆಧಾರ ಬೇಕೆಂದು ಗುರುತು ಹಾಕುತ್ತಾನೆ; ಯಾರು ಯಾವಾಗ ಏನನ್ನು ಬದಲಿಸಿದರೆಂಬುದೆಲ್ಲ ಪುಟದ ಇತಿಹಾಸದಲ್ಲಿ ದಾಖಲಾಗುತ್ತದೆ. ಅಂಕಗಳಿಗಾಗಿ ಬರೆದ ವಿದ್ಯಾರ್ಥಿಗೆ ಮೊದಲಿಗೆ ಇದು ಅವಮಾನವೆಂದು ತೋರುವುದುಂಟು. ಆದರೆ ಲೇಖನದ ಪಕ್ಕದಲ್ಲಿಯೇ ಇರುವ ಚರ್ಚೆಯ ಪುಟದಲ್ಲಿಯೋ, ಸದಸ್ಯರೆಲ್ಲರೂ ಸೇರುವ ‘ಅರಳಿ ಕಟ್ಟೆ’ಯಲ್ಲಿಯೋ ಸಮಾಧಾನದಿಂದ ಮಾತಾಡಿ, ತನ್ನ ಆಧಾರವನ್ನು ಮುಂದಿಟ್ಟು, ಎದುರಾಳಿಯ ಆಧಾರ ಬಲವಾಗಿದ್ದರೆ ಒಪ್ಪಿಕೊಂಡಾಗ, ಅವನು ಕಲಿಯುವ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಇರುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡತನದಲ್ಲಿ ಹುಟ್ಟಿ, ಭೌತಶಾಸ್ತ್ರದ ಅಧ್ಯಾಪಕರಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಕಟ್ಟಿ, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರು ಬದುಕಿನುದ್ದಕ್ಕೂ ಬೋಧಿಸಿದ್ದು ಪ್ರಶ್ನೆ ಮಾಡುವ ಧೈರ್ಯವನ್ನೇ. ಪ್ರಶ್ನಿಸುವ ಹಕ್ಕು ನಮಗಿರುವಂತೆ ಪ್ರಶ್ನಿಸಲ್ಪಡುವ ಹೊಣೆಯೂ ನಮಗಿದೆಯೆಂಬುದನ್ನು ವಿಶ್ವಕೋಶದ ಪುಟ ದಿನನಿತ್ಯವೂ ನೆನಪಿಸುತ್ತದೆ.

ಈ ನಾಲ್ಕು ಊರುಗಳ ಕಾಲೇಜುಗಳಲ್ಲಿ ಕನ್ನಡವನ್ನೋ ಇತಿಹಾಸವನ್ನೋ ಕಲಿಸುವ ಅಧ್ಯಾಪಕರು ಮನಸ್ಸು ಮಾಡಿದರೆ, ವರ್ಷಕ್ಕೊಮ್ಮೆ ತರಗತಿಯ ಪ್ರಬಂಧಕ್ಕೆ ಬದಲಾಗಿ ವಿಶ್ವಕೋಶದ ಲೇಖನವನ್ನು ಬರೆಸುವುದು ದುಸ್ಸಾಧ್ಯವಲ್ಲ. ಅದಕ್ಕೆ ಬೇಕಾದದ್ದು ಗ್ಯಾಸೆಟಿಯರಿರುವ ಗ್ರಂಥಾಲಯ, ಅಂತರಜಾಲದ ಸೌಕರ್ಯ, ಮತ್ತು ವಿದ್ಯಾರ್ಥಿಯೊಡನೆ ಕುಳಿತು ‘ಇದಕ್ಕೆ ಆಧಾರವೇನಪ್ಪ?’ ಎಂದು ಪ್ರತಿ ವಾಕ್ಯಕ್ಕೂ ಕೇಳುವ ತಾಳ್ಮೆ. ಪರೀಕ್ಷೆಯ ಉತ್ತರಪತ್ರಿಕೆಯನ್ನು ಒಬ್ಬರು ಓದುತ್ತಾರೆ, ಒಮ್ಮೆ ಓದುತ್ತಾರೆ. ಈ ಲೇಖನವನ್ನಾದರೋ, ತನ್ನ ಅಜ್ಜನ ಊರು ಯಾವುದೆಂದು ಪರದೇಶದಲ್ಲಿ ಹುಡುಕುವ ಕನ್ನಡದ ಮಗುವೂ, ವರದಿ ಬರೆಯುವ ಪತ್ರಕರ್ತನೂ, ಯೋಜನೆ ಹಾಕುವ ಅಧಿಕಾರಿಯೂ ಓದುತ್ತಾರೆ. ಕಂಪ್ಯೂಟರುಗಳು ಕನ್ನಡವನ್ನು ಕಲಿಯುವುದೂ ಇಂತಹ ಬರಹಗಳಿಂದಲೇ. ನಮ್ಮ ಊರಿನ ವಿಷಯದಲ್ಲಿ ಲೋಕವು ನಾಳೆ ಏನನ್ನು ನಿಜವೆಂದು ತಿಳಿಯುತ್ತದೆಯೋ ಅದನ್ನು ಇಂದು ಯಾರೋ ಒಬ್ಬರು ಬರೆಯಲೇಬೇಕು. ಆ ಊರನ್ನು ಪ್ರೀತಿಸುವ, ಆದರೆ ಪ್ರೀತಿಯ ಹೆಸರಿನಲ್ಲಿ ಒಂದು ಸಂಖ್ಯೆಯನ್ನೂ ಹಿಗ್ಗಿಸಲೊಲ್ಲದ ವಿದ್ಯಾರ್ಥಿಗಿಂತ ಆ ಕೆಲಸಕ್ಕೆ ಯೋಗ್ಯರು ಬೇರೆ ಯಾರೂ ಇಲ್ಲ.